ಭಾನುವಾರ ಮನೆಯಲ್ಲೇ ಉಳಿದವಳು

ವಾರವಿಡೀ ಅವನು ಲಿಫ್ಟ್ ರಿಪೇರಿಯವನು, ಭಾನುವಾರ ಚರ್ಚಿನ ಸಭೆಯ ಹಿರಿಯ. "ಆರು ದಿನ ಜನರನ್ನ ಮಹಡಿಗೆ ಏರಿಸ್ತಾನೆ, ಏಳನೇ ದಿನ ಸ್ವರ್ಗಕ್ಕೆ" ಎಂದು ಜೊತೆಯ ಕೆಲಸಗಾರರು ರೇಗಿಸುತ್ತಿದ್ದರು. ಒಳಗೊಳಗೇ ಅವನಿಗೂ ಆ ಮಾತು ಇಷ್ಟ. ಮನೆಯಲ್ಲಿ ಟೀವಿ ಇರಲಿಲ್ಲ. ಊಟಕ್ಕೆ ಮುಂಚೆ ಪ್ರಾರ್ಥನೆ, ಊಟವಾದ ಮೇಲೆ ಬೈಬಲ್ಲಿನ ವಾಕ್ಯ. ಸಂಜೆಯಾದರೆ ಮಗಳ ಫೋನು ಬೀರುವಿನ ಮೇಲೆ. ಹೊರಗಿನ ಗಾಳಿ ಕೆಟ್ಟಿದೆ, ಕಿಟಕಿ ಭದ್ರವಾಗಿದ್ದರೆ ಸಂಸಾರ ಉಳಿಯುತ್ತದೆ ಎಂದು ಅವನು ಮನಸಾರೆ ನಂಬಿದ್ದ.

ಅಂಥ ಮನೆಯಲ್ಲಿ ಒಂದು ಭಾನುವಾರ ಹೆಂಡತಿ ಬಟ್ಟೆ ಬದಲಿಸದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತೇ ಇದ್ದಳು. ಅವಳು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು.

"ಹೊತ್ತಾಯ್ತು, ಏಳು."

"ನಾನು ಬರಲ್ಲ. ನೀವಿಬ್ರೂ ಹೋಗಿ ಬನ್ನಿ."

"ಮೈ ಹುಷಾರಿಲ್ವಾ?"

"ಚೆನ್ನಾಗೇ ಇದೀನಿ. ಮನಸ್ಸಿಲ್ಲ, ಅಷ್ಟೇ."

ಮುಂದಿನ ವಾರವೂ ಅದೇ ಉತ್ತರ. ಸಭೆಯಲ್ಲಿ ಕೇಳಿದವರಿಗೆ ಅವನು "ಡ್ಯೂಟಿ ಇದೆ" ಎಂದ. ಪ್ರಾರ್ಥನೆಯ ಜಾಗದಲ್ಲಿ ನಿಂತು ಸುಳ್ಳು ಹೇಳಿದ ನಾಲಿಗೆ ದಿನವಿಡೀ ಕಹಿಯಾಗಿತ್ತು. ಇದೆಲ್ಲ ಫೋನಿನ ಕಿತಾಪತಿ ಎಂದುಕೊಂಡು ಅವಳು ಸ್ನಾನಕ್ಕೆ ಹೋದಾಗ ಅವಳ ಫೋನನ್ನು ಪೊಲೀಸನಂತೆ ತಡಕಾಡಿದ. ಮಗಳ ಫೋಟೋಗಳು, ಡ್ಯೂಟಿಯ ಮೆಸೇಜುಗಳು ಬಿಟ್ಟರೆ ಏನೂ ಸಿಗಲಿಲ್ಲ. ಸಿಗದೇ ಹೋದದ್ದು ಅವನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಮೂರನೆಯ ಭಾನುವಾರ ಅವನು ಅವಳ ಮಣಿಕಟ್ಟು ಹಿಡಿದು ಎಳೆದ. "ಈ ಮನೇಲಿರೋರು ದೇವರ ಸನ್ನಿಧಿಗೆ ಬರ್ಲೇಬೇಕು."

ಕುರ್ಚಿ ಉರುಳಿತು. ಅವಳು ಕೂಗಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಬಾಗಿಲಲ್ಲಿ ಮಗಳು ಶೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಅಪ್ಪಾ, ಅಮ್ಮನ ಕೈ ಬಿಡಿ," ಎಂದಳು ಮೆಲ್ಲಗೆ.

ಅವನು ಬಿಟ್ಟ. ಬಿಳಿಚಿಕೊಂಡ ಚರ್ಮದ ಮೇಲೆ ತನ್ನ ಬೆರಳುಗಳ ಗುರುತು ನಿಧಾನವಾಗಿ ಕೆಂಪಾಗುವುದನ್ನು ನೋಡುತ್ತ ನಿಂತ. ಆ ದಿನ ಯಾರೂ ಸಭೆಗೆ ಹೋಗಲಿಲ್ಲ.

ಮಧ್ಯಾಹ್ನ ಅವಳ ಎದುರು ಕೂತು, "ತಪ್ಪಾಯ್ತು. ಏನಾಯ್ತು ನಿಂಗೆ, ಹೇಳು" ಎಂದ.

ಅವಳು ಮಣಿಕಟ್ಟು ಸವರಿಕೊಂಡಳು. "ವಾರ್ಡಲ್ಲಿ ಒಂದು ಹುಡುಗಿ ಇತ್ತಲ್ಲ, ವಾಸಿಯಾಗ್ಲಿ ಅಂತ ಇಡೀ ಸಭೆ ಉಪವಾಸ ಮಾಡ್ತಲ್ಲ, ಅದೇ ಹುಡುಗಿ. ದೇವರು ಖಂಡಿತ ಕೇಳ್ತಾನೆ ಅಂತ ಅದರ ತಾಯಿಗೆ ಧೈರ್ಯ ಹೇಳಿದ್ದು ನಾನೇ. ಮಗು ಹೋದ್ಮೇಲೆ ಅವಳು ನನ್ನ ಮುಖ ನೋಡಿದ್ಲು. ಈಗ ಕಣ್ಣು ಮುಚ್ಚಿದ್ರೆ ಆ ಮುಖಾನೇ ಬರುತ್ತೆ. ದೇವರು ಬರಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ವಾಕ್ಯ ಓದ್ತಿದ್ರಿ."

ಅವನ ಕೈ ಆಗಲೇ ಮೇಜಿನ ಮೇಲಿದ್ದ ಬೈಬಲ್ಲಿನತ್ತ ಹೊರಟಿತ್ತು. ಹಿಂದಕ್ಕೆ ಎಳೆದುಕೊಂಡ.

ಹೆಂಡತಿ ಸಭೆ ಬಿಟ್ಟ ಸುದ್ದಿ ಮುಚ್ಚಿಡಲಾಗಲಿಲ್ಲ. ಪಾಸ್ಟರು ಮತ್ತು ಉಳಿದ ಹಿರಿಯರು ಸಭಾಂಗಣದ ಹಿಂದಿನ ಕೋಣೆಗೆ ಅವನನ್ನು ಕರೆಸಿದರು. ಎಲ್ಲರಿಗಿಂತ ವಯಸ್ಸಾದವರು ಗಂಟಲು ಸರಿಮಾಡಿಕೊಂಡರು. "ಸ್ವಂತ ಮನೆ ಹತೋಟಿಯಲ್ಲಿಲ್ದಿದ್ರೆ ಸಭೆ ಹೇಗಪ್ಪಾ ನಡೆಸ್ತೀಯ? ಸ್ವಲ್ಪ ದಿನ ಅವಳನ್ನ ತವರಿಗೆ ಕಳಿಸು. ಬೇರೆ ಇದ್ರೆ ಬುದ್ಧಿ ಬರುತ್ತೆ. ಬೆಳೆಯೋ ಮಗಳು ಬೇರೆ ಇದಾಳೆ ಮನೇಲಿ."

ಇವರೆಲ್ಲ ಅವನನ್ನು ಎತ್ತಿ ಆಡಿಸಿದವರು. ಎದುರುತ್ತರ ಕೊಟ್ಟು ಅಭ್ಯಾಸವಿರಲಿಲ್ಲ.

"ಮದ್ವೆ ದಿನ ನಾನು ಮಾತು ಕೊಟ್ಟಿದ್ದು ನಿಮ್ಮೆದುರಿಗೇ," ಎಂದ. "ಅವಳು ನಂಬೋ ತನಕ ಮಾತ್ರ ಅಂತ ಅದ್ರಲ್ಲಿ ಇರ್ಲಿಲ್ಲ. ಹೊರಗಿನ ಜನ ಬೇಜಾರಾದ ಕೂಡ್ಲೇ ಕೈ ಬಿಡ್ತಾರೆ ಅಂತ ನಾವೇ ಬೈತೀವಿ. ಈಗ ನನಗೂ ಅದನ್ನೇ ಮಾಡು ಅಂತೀರಾ?"

ಅವನು ಹಿರಿಯನಾಗಿ ತನ್ನ ಹತ್ತಿರ ಇಟ್ಟುಕೊಂಡಿದ್ದ ಸಭಾಂಗಣದ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಎದ್ದ. ಮುಂದಿನ ಭಾನುವಾರ ಮಗಳ ಜೊತೆ ಕೊನೆಯ ಬೆಂಚಿನಲ್ಲಿ ಕೂತ. ಕೆಲವರು ಮಾತಾಡಿಸಿದರು, ಕೆಲವರು ಕಂಡೂ ಕಾಣದಂತೆ ಹೋದರು.

ಹೆಂಡತಿ ಸಭೆಗೆ ಮರಳಲಿಲ್ಲ. ಅವನೂ ಟೀವಿ ತರಲಿಲ್ಲ. ಊಟದ ಪ್ರಾರ್ಥನೆಯಲ್ಲಿ ಅಪ್ಪ ಮಗಳು ಕಣ್ಣು ಮುಚ್ಚಿದರೆ ಅವಳು ತಟ್ಟೆ ನೋಡುತ್ತ ಕೂತಿರುತ್ತಿದ್ದಳು. ಅವಳು ಯಾವಾಗ ಎದ್ದು ಹೋಗುತ್ತಾಳೋ ಎಂಬ ಭಯದಲ್ಲಿ ಅವನ ಪ್ರಾರ್ಥನೆ ಎಷ್ಟೋ ಸಲ ಅರ್ಧಕ್ಕೇ ತಡವರಿಸುತ್ತಿತ್ತು.

ಒಂದು ಸಂಜೆ ಡ್ಯೂಟಿಯಿಂದ ಬಂದವಳು ತಟ್ಟೆ ಮುಟ್ಟಲಿಲ್ಲ. "ಹೊಸದಾಗಿ ಬಂದಿರೋ ಮಗು ಉಸಿರಿಗೆ ಒದ್ದಾಡ್ತಿದೆ. ನನ್ನಿಂದ ಆಗಲ್ಲ. ಬೇಕಾದ್ರೆ ನೀವು ಪ್ರಾರ್ಥನೆ ಮಾಡಿ."

"ಮಗುವಿನ ಹೆಸರೇನು?"

ಅವಳು ಹೇಳಿದಳು. ಅವನು ಆ ಹೆಸರು ಹಿಡಿದು ಮೂರೇ ಮಾತಿನಲ್ಲಿ ಬೇಡಿದ. ಯಾವ ಭರವಸೆಯನ್ನೂ ಕೊಡಲಿಲ್ಲ. ಮಗಳು ಆಮೆನ್ ಅಂದಳು. ಹೆಂಡತಿ ಅನ್ನಲಿಲ್ಲ, ಆದರೆ ಅವನು ಕಣ್ಣು ತೆರೆದಾಗಲೂ ಅಲ್ಲೇ ಕೂತಿದ್ದಳು.