ಐದು ನಿಮಿಷದ ಬಿಸಿಲು

ಬಿಸಿಲು ಕಾಯಿಸಲು ಬಸ್ ಹತ್ತಿ ಹೋದವರನ್ನು ನೀವು ನೋಡಿದ್ದೀರಾ? ಕಳೆದ ವಾರ ನಾನೂ ನನ್ನಕ್ಕನೂ ಹೋಗಿದ್ದೆವು. ಊಟಿ ಬೆಟ್ಟದ ಮೇಲಿನ ನಂಜನಾಡಿನಿಂದ ಕೆಳಗಿನ ಮಸಿನಗುಡಿಗೆ. ಎರಡು ಬಸ್ಸು, ಮೂವತ್ತಾರು ತಿರುವು. (ಹತ್ತನೆಯ ತಿರುವಿಗೇ ಅಕ್ಕನಿಗೆ ವಾಂತಿ.)

ಅಕ್ಕನ ಬಲಗೈ ಮೇಲೆ ತೊನ್ನು. ಅಂಟುವ ಕಾಯಿಲೆಯಲ್ಲ, ನೋವೂ ಇಲ್ಲ. ಆದರೆ ಕ್ಯಾರೆಟ್ ಕೀಳುವ ಹೊಲದಲ್ಲಿ ಅವಳು ಟೀ ಬಗ್ಗಿಸಿ ಕೊಟ್ಟರೆ ಹೆಂಗಸರು "ಈಗ್ತಾನೇ ಕುಡ್ದೆ" ಅನ್ನುತ್ತಾರೆ. ಎಲ್ಲರೂ. ದಿನವೂ.

ಊಟಿಯ ಚರ್ಮದ ಡಾಕ್ಟರು ಲೋಷನ್ ಕೊಟ್ಟರು. ವಿಚಿತ್ರ ಔಷಧಿ. ಬೆಳಕು ಬೀಳುವವರೆಗೆ ಅದರ ಅಣುಗಳು ತೆಪ್ಪಗಿರುತ್ತವೆ. ಬಿಸಿಲಿನ ಅಲ್ಟ್ರಾವಯಲೆಟ್ ತಾಗಿತೋ, ಕೆಲಸ ಶುರು. ಚರ್ಮಕ್ಕೆ ಮತ್ತೆ ಬಣ್ಣ ಬರಬಹುದು. (ಕೆಲವು ಕ್ಯಾನ್ಸರ್‌ಗಳಿಗೂ ಹೀಗೇ ಔಷಧಿ ಕೊಟ್ಟು, ಗಡ್ಡೆಯ ಮೇಲೆ ಮಾತ್ರ ಬೆಳಕು ಬಿಡುತ್ತಾರಂತೆ.) ಬೆಳಕು ಜಾಸ್ತಿಯಾದರೆ ಅದೇ ಔಷಧಿ ಚರ್ಮ ಸುಡುತ್ತದೆ. "ಅಂಜೇ ನಿಮಿಷಂ ಮಾ," ಎಂದು ಡಾಕ್ಟರು ಐದು ಬೆರಳು ಎತ್ತಿ ತೋರಿಸಿದ್ದರು.

ಐದು ನಿಮಿಷ ಬಿಸಿಲು! ನಂಜನಾಡಿನಲ್ಲಿ! ಜುಲೈನಲ್ಲಿ! ಮಂಜು ಸರಿಯಲಿ ಎಂದು ಹತ್ತು ದಿನ ಕಾದೆವು. ಕೊನೆಗೆ ಬಿಸಿಲಿದ್ದಲ್ಲಿಗೆ ನಾವೇ ಇಳಿದೆವು.

ಲೋಷನ್ ಹಚ್ಚಿ, ಅರ್ಧ ಗಂಟೆ ನೆರಳಲ್ಲಿ ಕೂತು, ಅಕ್ಕ ಬಿಸಿಲಿಗೆ ಕೈ ಚಾಚಿದಳು. "ಸಫಾರಿ ಪೋಲಾಮಾ ಅಕ್ಕಾ?" ಎಂದು ಕಾಡು ಸುತ್ತಲು ಕರೆದ ಜೀಪಿನವನಿಗೆ, "ಬಿಸ್ಲಿದ್ರೆ ಸಾಕಪ್ಪ" ಎಂದಳು.

ಐದು ನಿಮಿಷವಾಯಿತು. "ಏಳಕ್ಕಾ," ಎಂದೆ.

"ಇಷ್ಟು ದೂರ ಬಂದು ಐದೇ ನಿಮಿಷಕ್ಕೆ ಏಳೋದಾ? ನಾಳೆ ಮತ್ತೆ ಇಳ್ದು ಬರಕ್ಕಾಗುತ್ತಾ? ಒಂದು ವಾರದ್ದು ಇವತ್ತೇ ಆಗ್ಲಿ ಬಿಡು."

ಇಂಥವಳಿಗೆ ಏನು ಹೇಳುತ್ತೀರಿ? ಕೈ ಹಿಡಿದು ಎಬ್ಬಿಸಬೇಕಿತ್ತು. ಆದರೆ ನನ್ನ ಬೆನ್ನಿಗೂ ಬಿಸಿಲು ಹಿತವಾಗಿತ್ತು. ಒಂದು ಗಂಟೆ ಕೂತೆವು. (ನಾಚಿಕೆಯಾಗಬೇಕು ನನಗೆ.) ಒಂದು ಮಾತ್ರೆ ಅಂದರೆ ಎರಡು ನುಂಗುವ ಜನ ನಾವು. ಔಷಧಿಗೆ ಅಳತೆ ಇರುತ್ತದೆ ಎಂದು ಒಪ್ಪಿಕೊಂಡೇವು; ಬಿಸಿಲಿಗೂ ಇರುತ್ತದೆ ಎಂದರೆ ಬೆಟ್ಟದವರು ನಂಬುತ್ತೇವೆಯೇ?

ಎರಡು ದಿನದಲ್ಲಿ ಕೈ ತುಂಬ ಗುಳ್ಳೆ. ಡಾಕ್ಟರು ಬೈದರು. ನಾನೂ ಬೈದೆ. ಲೋಷನ್ ಸದ್ಯಕ್ಕೆ ಬಂದ್.

ಸುದ್ದಿ ತಿಳಿದು ಹೊಲದ ಹೆಂಗಸರೆಲ್ಲ ಮನೆಗೆ ಬಂದರು. "ಅಯ್ಯೋ, ಹೆಂಗೆ ಸುಟ್ಟೋಗಿದೆ ನೋಡು" ಎಂದು ಅಕ್ಕನ ಬಲಗೈಯನ್ನು ಸರದಿಯ ಮೇಲೆ ತೊಡೆಯ ಮೇಲಿಟ್ಟುಕೊಂಡು ಊದಿದರು. ಅಕ್ಕ ಅತ್ತಳು. ಉರಿಗೆ ಅಳುತ್ತಿದ್ದಾಳೆ ಅಂದುಕೊಂಡರು. ನಾನು ಟೀ ಕೊಟ್ಟೆ, ಎಲ್ಲರೂ ಕುಡಿದರು.

ಗುಳ್ಳೆ ಎದ್ದ ಕೈಯನ್ನು ಇಷ್ಟು ಅಕ್ಕರೆಯಿಂದ ಹಿಡಿಯುವ ನಿಮಗೆ, ಅದೇ ಕೈ ಕೊಟ್ಟ ಒಂದು ಲೋಟ ಟೀ ಯಾಕಮ್ಮಾ ಗಂಟಲಲ್ಲಿ ಇಳಿಯುವುದಿಲ್ಲ?