ಎರಡನೇ ಕರ್ನಲ್ ಎದ್ದ ರಾತ್ರಿ

ಫೆಬ್ರವರಿ ಹನ್ನೊಂದು, ರಾತ್ರಿ ಹನ್ನೊಂದೂವರೆಗೆ ನಡೆದದ್ದು ಇದು. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ಆದರೆ ಕಣ್ಣಾರೆ ಕಾಣದ್ದನ್ನು ದಿನಚರಿಯಲ್ಲಿ ಬರೆಯುವ ಅಭ್ಯಾಸ ನನಗಿಲ್ಲ.

ಆಳಂದದಿಂದ ನಿಂಬರ್ಗಾಕ್ಕೆ ಹೋಗುವ ದಾರಿಯಲ್ಲಿ ಒಂದು ತೊಗರಿಬೇಳೆ ಮಿಲ್ ಇದೆ. ಅದರ ತೂಕದ ಲೆಕ್ಕವೆಲ್ಲ ಒಂದು ಲಿನಕ್ಸ್ ಸರ್ವರಿನಲ್ಲಿ. ಅಫಜಲಪುರ, ಜೇವರ್ಗಿಯ ಮಿಲ್ಲುಗಳ ಜೊತೆಗೆ ಇದನ್ನೂ ನೋಡಿಕೊಳ್ಳುವವನು ನಾನೇ. ಆ ವಾರ ಈ ಸರ್ವರ್ ಎರಡು ರಾತ್ರಿ ಇದ್ದಕ್ಕಿದ್ದಂತೆ ಸತ್ತಿತ್ತು.

ಲಿನಕ್ಸಿನ ತಿರುಳಾದ ಕರ್ನಲ್ ಎಂಬ ತಂತ್ರಾಂಶ ಕುಸಿದು ಬಿದ್ದಾಗ, ಏನಾಯಿತೆಂದು ಬರೆದಿಡಲು ಇನ್ನೊಂದು ಪುಟ್ಟ ಕರ್ನಲ್ ಏಳುತ್ತದೆ. ಅದಕ್ಕೆಂದೇ ಸ್ವಲ್ಪ ಮೆಮೊರಿಯನ್ನು ಮೊದಲೇ ಕಾದಿರಿಸಿರುತ್ತೇವೆ. ಕರೆಂಟೇ ಹೋದರೆ ಮಾತ್ರ ಅದು ಏಳುವುದಿಲ್ಲ, ದಾಖಲೆಯೂ ಉಳಿಯುವುದಿಲ್ಲ. ಎರಡು ಸಲವೂ ದಾಖಲೆಯ ಫೋಲ್ಡರ್ ಖಾಲಿಯಿತ್ತು. ಅಷ್ಟನ್ನೇ ನಂಬಿ ಮಿಲ್ಲಿನ ಮಾಲೀಕ ಸಾವುಕಾರರಿಗೆ ಫೋನಿನಲ್ಲಿ ಹೇಳಿಬಿಟ್ಟಿದ್ದೆ: "ಮಷೀನ್ ತಾನಾಗಿ ಬಿದ್ದಿಲ್ರಿ. ಯಾರೋ ಕರೆಂಟ್ ತೆಗದಾರ."

ರಾತ್ರಿ ಅಲ್ಲಿರುವವರು ಒಬ್ಬರೇ, ಕಾವಲುಗಾರ ಶರಣಪ್ಪ ಕಾಕಾ. ಬೆಳಗಾದರೆ ಅವರು ಕೀಲಿ ಒಪ್ಪಿಸಿ ಕೆಲಸ ಬಿಡಬೇಕೆಂದು ಸಾವುಕಾರರ ಅಪ್ಪಣೆಯಾಗಿತ್ತು. ಅದಕ್ಕೂ ಮೊದಲು ಸರ್ವರನ್ನು ಇನ್ನೊಮ್ಮೆ ನೋಡೋಣವೆಂದು ಆ ರಾತ್ರಿ ಮಿಲ್ಲಿಗೆ ಹೋದೆ.

"ಬರ್ರಿ ಸಾಹೇಬ್ರ. ನಿಮ್ಮ ಮಷೀನಿಗಿ ನಿದ್ದಿ ಹತ್ತಿದ್ರ ನನ್ನ ನೌಕರಿ ಹೋಗ್ತದ ನೋಡ್ರಿ," ಎಂದು ನಕ್ಕರು. ಆ ನಗು ಅರ್ಧಕ್ಕೇ ನಿಂತಿತು. "ಸ್ವಿಚ್ಚಿಗಿ ನಾ ಕೈ ಹಚ್ಚಿಲ್ರಿ."

ಸರ್ವರ್ ಆರಂಭವಾದಾಗ ಮೂಡಿದ ಸಂದೇಶಗಳನ್ನು ಒಂದೊಂದಾಗಿ ಓದಿದೆ. ಒಂದು ಸಾಲಿನಲ್ಲಿ ಕಣ್ಣು ನಿಂತಿತು... ಮೆಮೊರಿ ಕಾದಿರಿಸಲು ಆಗಲಿಲ್ಲ.

ಮೆಮೊರಿ ಕಾದಿರಿಸಲು ಜೇವರ್ಗಿಯ ಸರ್ವರಿಗೆ ಬರೆದ ಆದೇಶದ ಸಾಲನ್ನೇ ನಾನು ಇಲ್ಲಿಗೂ ನಕಲು ಮಾಡಿದ್ದೆ. ಮೆಮೊರಿಯ ಇಂಥ ಜಾಗವೇ ಬೇಕು ಎಂಬ ಸೂಚನೆ ಅದರಲ್ಲಿತ್ತು. ಅಲ್ಲಿ ಆ ಜಾಗ ಖಾಲಿ. ಇಲ್ಲಿ ಅದು ಬೇರೆ ಕೆಲಸಕ್ಕೆ ಹೋಗಿಯಾಗಿತ್ತು. ಕಾದಿರಿಸಿದ ಮೆಮೊರಿ ಎಷ್ಟು ಎಂದು ನೋಡಿದೆ: ಸೊನ್ನೆ. ಎರಡನೇ ಕರ್ನಲ್ ಏಳುವುದಕ್ಕೆ ದಾರಿಯೇ ಇರಲಿಲ್ಲ. ದಾಖಲೆ ಇಲ್ಲದ್ದಕ್ಕೆ ಕಾರಣ ಶರಣಪ್ಪ ಕಾಕಾ ಅಲ್ಲ, ನಾನು.

"ಏನರೆ ಸಿಕ್ತೇನ್ರಿ?" ಕಾಕಾ ಹೆಗಲ ಮೇಲಿಂದ ಬಗ್ಗಿದರು.

"ಫೋಲ್ಡರ್ ಖಾಲಿ ಅದ ಕಾಕಾ, ನೋಡ್ರಿ," ಎಂದು ಅದನ್ನಷ್ಟೇ ತೋರಿಸಿದೆ.

ಜಾಗವನ್ನು ಕರ್ನಲ್ ತಾನೇ ಆರಿಸಿಕೊಳ್ಳುವಂತೆ ಸಾಲು ತಿದ್ದಿದೆ. ಆದರೆ ಸರ್ವರನ್ನು ಮತ್ತೆ ಚಾಲೂ ಮಾಡುವವರೆಗೆ ಆ ತಿದ್ದುಪಡಿ ಜಾರಿಗೆ ಬರುವುದಿಲ್ಲ. ಚಾಲೂ ಮಾಡಲು ಕೈ ಎತ್ತಿದೆ, ಅಷ್ಟೇ...

ಪರದೆ ಹೆಪ್ಪುಗಟ್ಟಿತು. ಸರ್ವರಿನೊಳಗಿನ ಫ್ಯಾನಿನ ಸದ್ದು ನಿಂತಿತು. ಚಹಾ ತರಲು ಹೋಗಿದ್ದ ಕಾಕಾ ಬಾಗಿಲಲ್ಲಿದ್ದರು, ಎರಡೂ ಕೈಯಲ್ಲಿ ಚಹಾದ ಗ್ಲಾಸು.

"ಈಗ ಯಾರ್ ತೆಗದ್ರರಿ ಕರೆಂಟ್?" ಪಿಸುಗುಟ್ಟಿದರು.

ಸಂಜೆಯೇ ನಿಂತಿದ್ದ ಮಿಲ್ಲಿನ ಕಡೆಯಿಂದ ಬಿಸಿ ತೊಗರಿಯ ವಾಸನೆ ಬಂತು. ಆಮೇಲೆ ಫ್ಯಾನು... ಬಹಳ ನಿಧಾನವಾಗಿ ತಿರುಗತೊಡಗಿತು. ಕಪ್ಪು ಪರದೆಯ ಮೇಲೆ ಸಣ್ಣ ಅಕ್ಷರಗಳು ಮೂಡಿದವು. ದಾಖಲೆ ಉಳಿಸಲಾಗುತ್ತಿದೆ. ಶೇಕಡಾ ಹತ್ತು... ಮೂವತ್ತು... ನೂರು.

ಏಳಲು ಸಾಧ್ಯವೇ ಇಲ್ಲದ್ದು ಎದ್ದಿತ್ತು.

ಸರ್ವರ್ ತಾನಾಗಿ ಮತ್ತೆ ಚಾಲೂ ಆಯಿತು. ಫೋಲ್ಡರ್ ತೆರೆದೆ. ಒಂದಲ್ಲ, ಮೂರು ದಾಖಲೆಗಳು. ಈ ರಾತ್ರಿಯದೊಂದು. ಇನ್ನೆರಡು, ಹಿಂದಿನ ಆ ಎರಡು ರಾತ್ರಿಗಳವು, ಅವೇ ಗಳಿಗೆಗಳ ಗುರುತಿನೊಂದಿಗೆ! ಮೂರರಲ್ಲೂ ಒಂದೇ ಕಾರಣ: ಡಿಸ್ಕ್ ನಡೆಸುವ ಡ್ರೈವರ್ ತಂತ್ರಾಂಶದ ದೋಷ. ಕರೆಂಟನ್ನು ಯಾರೂ ಮುಟ್ಟಿರಲಿಲ್ಲ.

ಬೆಳಗ್ಗೆ ಸಾವುಕಾರರು ಪರದೆ ನೋಡಿ ಕೇಳಿದರು: "ಇವು ಮೊದಲೇ ಇದ್ದವೇನು?"

ಇರಲಿಲ್ಲ ಎಂದರೆ ಆ ದಾಖಲೆಗಳನ್ನು ಅವರು ನಂಬುತ್ತಿರಲಿಲ್ಲ. ಕಾಕಾನ ಕೆಲಸ ಹೋಗುತ್ತಿತ್ತು. ನನ್ನ ತಪ್ಪು ಒಪ್ಪಿಕೊಂಡರೆ, ದಾಖಲೆ ಹುಟ್ಟಲು ಸಾಧ್ಯವೇ ಇರಲಿಲ್ಲವೆಂದೂ ಹೇಳಬೇಕಾಗುತ್ತಿತ್ತು.

"ಇದ್ದವ್ರಿ. ನಾನೇ ಸರಿಯಾಗಿ ನೋಡಿರಲಿಲ್ಲ."

"ಕಾಕಾ, ಕೀಲಿ ನಿನ್ನ ಹತ್ರಾನೇ ಇರ್ಲಿ," ಎಂದು ಸಾವುಕಾರರು ಹೊರಟರು.

ಗೇಟಿನ ತನಕ ಕಾಕಾ ಜೊತೆಗೇ ಬಂದರು. "ರಾತ್ರಿ ಖಾಲಿ ಇತ್ತಲ್ರಿ ಸಾಹೇಬ್ರ? ನೀವೇ ತೋರ್ಸಿದ್ರಿ."

ನಾನು ಬೈಕ್ ಚಾಲೂ ಮಾಡಿದೆ.

ಆಮೇಲೆ ನನ್ನ ಕೋಣೆಯಲ್ಲಿ ಅದೇ ತಪ್ಪು ಸಾಲು ಹಾಕಿ, ಬೇಕೆಂದೇ ನನ್ನದೊಂದು ಯಂತ್ರವನ್ನು ಹನ್ನೆರಡು ಸಲ ಬೀಳಿಸಿದ್ದೇನೆ. ಒಂದು ಸಲವೂ ಏನೂ ಏಳಲಿಲ್ಲ. ಹಾಗಾದರೆ ಆ ರಾತ್ರಿ ಎದ್ದದ್ದು ಏನು? ಕಳೆದುಹೋದ ರಾತ್ರಿಗಳನ್ನು ಬರೆದದ್ದು ಎಲ್ಲಿ ಕುಳಿತು? ತಿಳಿದವರಿದ್ದರೆ ದಯವಿಟ್ಟು ಬರೆಯಿರಿ. ಶರಣಪ್ಪ ಕಾಕಾನಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.