ಏಳು ಕುಂಡ, ಒಂದು ಚಾಪೆ

ಕಾಲೇಜಿನ ಮಕ್ಕಳು ಅವನನ್ನು ಗುಳ್ಳೆ ಮಾಮ ಎಂದು ಕರೆಯುತ್ತಿದ್ದರು. ತಪ್ಪು ಅವನದೇ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿ ಇಪ್ಪತ್ತಾರು ವರ್ಷ ಸವೆಸಿದ್ದರೂ, ಕಿಟಕಿಯ ಬಿಸಿಲಿಗೆ ನೀರುಗಿಡದ ಗಾಜಿನ ಪಾತ್ರೆ ಇಟ್ಟ ದಿನ ಅವನ ಕೈಗೆ ಬೇರೆ ಕೆಲಸ ಹತ್ತುತ್ತಿರಲಿಲ್ಲ. ಬೋರಲು ಹಾಕಿದ ಆಲಿಕೆಯಿಂದ ಗುಳ್ಳೆಗಳು ಒಂದೊಂದಾಗಿ ಮೇಲೇಳುವುದನ್ನು ಬಾಯಿಬಿಟ್ಟುಕೊಂಡು ನೋಡುತ್ತ ನಿಂತುಬಿಡುತ್ತಿದ್ದ. ಎಲೆಯ ಜೀವಕೋಶಗಳಲ್ಲಿ ಕಣ್ಣಿಗೆ ಕಾಣದ ಹಸಿರು ಅಡುಗೆಮನೆಗಳಿವೆ, ಅವು ಬಿಸಿಲನ್ನು ಹಿಡಿದು ಸಕ್ಕರೆ ಮಾಡುತ್ತವೆ, ಆಗ ಹೊರಬೀಳುವ ಆಮ್ಲಜನಕವೇ ಈ ಗುಳ್ಳೆ ಎಂದು ಅವನಿಗೆ ಗೊತ್ತಿತ್ತು. ಗಂಟೆ ಹೊಡೆದಾಗ, ಆ ಅಡುಗೆಮನೆಗಳಲ್ಲೇ ಒಂದು ಸುತ್ತು ಹಾಕಿ ಬಂದವನಂತೆ ಕಣ್ಣುಜ್ಜಿಕೊಳ್ಳುತ್ತಿದ್ದ.

ಇನ್ನೊಂದು ಪಾಠವೂ ಅವನಿಗೆ ಬಾಯಿಪಾಠವಾಗಿತ್ತು. ಕತ್ತಲಾದರೆ ಅಡುಗೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಹಗಲು ಕೂಡಿಟ್ಟ ಸಕ್ಕರೆಯನ್ನು ಆಮ್ಲಜನಕದ ಜೊತೆ ಮೆಲ್ಲಗೆ ಉರಿಸಿಯೇ ಪ್ರತಿ ಜೀವಕೋಶವೂ ಬದುಕಬೇಕು. ಈ ಪಾಠ ಅವನ ನಿದ್ದೆ ಕೆಡಿಸಿತ್ತು. ಹತ್ತಿ ಗಿರಣಿಯ ದೂಳು ಕುಡಿದು ಅವನ ಹೆಂಡತಿಯ ಶ್ವಾಸಕೋಶ ಸೋತುಹೋಗಿತ್ತು. ಮೂರನೇ ಮಹಡಿಯಿಂದ ಇಳಿಯಲಾರದ ಆಕೆ ಮಲಗುವ ಕೋಣೆಯಲ್ಲಿ ಏಳು ಕುಂಡ ಬೆಳೆಸಿದ್ದಳು. ರಾತ್ರಿ ಅವು ಅವಳ ಪಾಲಿನ ಗಾಳಿ ಕದಿಯುತ್ತವೆಂದು ಇವನು ದಿನಾ ಸಂಜೆ ಏಳನ್ನೂ ಹೊತ್ತು ಮೆಟ್ಟಿಲ ಬಳಿ ಇಡುತ್ತಿದ್ದ, ಬೆಳಗ್ಗೆ ಮತ್ತೆ ಒಳಗೆ ತರುತ್ತಿದ್ದ. ಆಕೆ ಖಾಲಿಯಾದ ಕಿಟಕಿಕಟ್ಟೆ ನೋಡಿ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಅವಳಿಲ್ಲದೆ ತಾನಿರಲಾರೆ ಎಂಬುದೊಂದೇ ಅವನಿಗೆ ತಿಳಿದಿದ್ದದ್ದು.

ಒಂದು ದಿನ ದೊಡ್ಡ ಕುಂಡ ಎತ್ತುವಾಗ ಸೊಂಟ ಹಿಡಿದುಕೊಂಡಿತು. ಮರುದಿನ ಅವನು ಬಗ್ಗಿ ನಡೆಯುವುದನ್ನು ಕಂಡು ಜೀವಶಾಸ್ತ್ರ ಪಾಠ ಮಾಡುವ ಮೇಡಂ ವಿಚಾರಿಸಿದರು. ಕಥೆ ಕೇಳಿ ನಗಲಿಲ್ಲ. ಎರಡು ಲೋಟ ಸುಣ್ಣದ ತಿಳಿನೀರು ತರಲು ಹೇಳಿದರು. ಉಸಿರಿನಿಂದ ಹೊರಬೀಳುವ ಗಾಳಿ ತಾಗಿದರೆ ಬೆಳ್ಳಗಾಗುವ ನೀರದು. ಒಂದು ಲೋಟವನ್ನು ಎಲೆ ತುಂಬಿದ ರೆಂಬೆಯ ಜೊತೆ ಗಾಜಿನ ಜಾಡಿಯಲ್ಲಿಟ್ಟು ಕಪ್ಪು ಬಟ್ಟೆ ಮುಚ್ಚಿಸಿದರು. ಸಾಯಂಕಾಲ ತೆಗೆದರೆ ನೀರಿನ ಮೇಲೆ ತೆಳ್ಳನೆಯ ಕೆನೆಯಷ್ಟೇ ಇತ್ತು. ಇನ್ನೊಂದು ಲೋಟಕ್ಕೆ ಕೊಳವೆಯಿಂದ ಊದಲು ಹೇಳಿದರು. ಅವನು ಐದಾರು ಸಲ ಊದುವಷ್ಟರಲ್ಲಿ ನೀರು ಹಾಲಾಯಿತು. ಈ ಎರಡನ್ನೂ ಎಷ್ಟೋ ಸಲ ಬೇರೆಬೇರೆ ಮೇಜಿನ ಮೇಲೆ ಜೋಡಿಸಿದ್ದ ಪುಣ್ಯಾತ್ಮ, ಅಕ್ಕಪಕ್ಕ ಇಟ್ಟು ನೋಡಿದ್ದು ಅಂದೇ.

“ಗಿಡದ ಒಲೆ ತುಂಬಾ ಸಣ್ಣದು ಮಾಮ,” ಎಂದರು ಮೇಡಂ. “ರಾತ್ರಿಯೆಲ್ಲಾ ಅದು ಎಳ್ಕೊಳ್ಳೋ ಗಾಳಿನ ನೀವು ಸ್ವಲ್ಪ ಹೊತ್ತಲ್ಲೇ ಮುಗಿಸ್ತೀರ.”

ಅವನ ಭಯ ಹೋಗಲೆಂದು ಹೇಳಿದ ಮಾತದು. ಅವನು ಕೇಳಿಸಿಕೊಂಡದ್ದು ಕೊನೆಯ ಅರ್ಧ ಮಾತ್ರ.

ಮನೆಗೆ ನಡೆಯುವಾಗ ಬೀದಿಯೇ ಬೇರೆಯಾಗಿ ಕಂಡಿತು. ಬಸ್ಸಿಗೆ ಕಾದವರು, ಬಾಗಿಲಲ್ಲಿ ನಿಂತ ಕ್ಷೌರಿಕ, ಮಲಗಿದ ನಾಯಿ, ಕಂಬಕ್ಕೆ ಹಬ್ಬಿದ ಬಳ್ಳಿ, ಎಲ್ಲರೊಳಗೂ ಲೆಕ್ಕವಿಲ್ಲದಷ್ಟು ಪುಟ್ಟ ಒಲೆಗಳು ಯಾವತ್ತಿನದೋ ಬಿಸಿಲನ್ನು ಹೊಗೆಯಿಲ್ಲದೆ ಉರಿಸುತ್ತಿದ್ದವು. ಎಲ್ಲಕ್ಕಿಂತ ದೊಡ್ಡ ಒಲೆ ಅವನೇ.

ಅಂದು ಸಂಜೆ ಅವನು ಕುಂಡಗಳನ್ನು ಮುಟ್ಟಲಿಲ್ಲ. ತನ್ನ ಚಾಪೆ ಸುತ್ತಿ, ದಿಂಬು ಕಂಕುಳಲ್ಲಿಟ್ಟುಕೊಂಡು, ಮೆಟ್ಟಿಲ ಕಡೆ ಹೊರಟ.

“ಅದನ್ನ ಹೊತ್ಕೊಂಡು ಎಲ್ಲಿಗೆ?” ಎಂದು ಕೇಳಿದಳು ಹೆಂಡತಿ.

ಅವನು ಎರಡು ಲೋಟದ ಕಥೆ ಹೇಳಿದ. ಕಳ್ಳ ಗಿಡವಲ್ಲ, ತಾನೇ ಎಂದ. ಆಕೆಗೆ ನಗು ಬಂತು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲುವವರೆಗೆ ಅವನು ಬೆನ್ನು ಸವರಿದ.

“ರಾತ್ರಿ ಉಸಿರು ಸಿಕ್ಕಾಕ್ಕೊಂಡಾಗ ನಿಮ್ಮ ಉಸಿರು ಕೇಳಿಸ್ಕೋತೀನಿ,” ಎಂದಳು. “ಅದು ಹೋದ ಹಾಗೆ ನಂದೂ ಮೆಲ್ಲಗೆ ಹೋಗತ್ತೆ. ಗಿಡ ಹೊರಗೆ ಹಾಕಿದ್ರಿ, ಸುಮ್ನಿದ್ದೆ. ಈಗ ಇದನ್ನೂ ಹೊರಗೆ ಹಾಕಿದ್ರೆ ನಾನು ಯಾವುದನ್ನ ಹಿಡ್ಕೊಂಡು ಉಸಿರಾಡ್ಲಿ?”

ಅವನ ಕಣ್ಣು ತುಂಬಿತು. ಕಿಟಕಿಯ ಎರಡೂ ಬಾಗಿಲು ತೆರೆದು, ಏಳು ಕುಂಡಗಳನ್ನು ಒಂದಿಷ್ಟು ಬದಿಗೆ ಸರಿಸಿ, ಚಾಪೆಯನ್ನು ಅವಳ ಮಂಚದ ಪಕ್ಕ, ಎಂದಿಗಿಂತ ಹತ್ತಿರ ಹಾಸಿದ.